ಡ್ರಾಫ್ಟ್ 5: ತಾಳಿ, ದಾಳಿ ಮತ್ತು ಗೋಳಗುಮ್ಮಟ

ನಾಲ್ಕು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮೂರನೇ ಅಧ್ಯಾಯ ಮೊನ್ನೆ ಭಾನುವಾರ ಕೆಳಗಿಳಿಯಿತು. ಇಳಿಸಿದ್ದು ನಾನಲ್ಲ. ನಮ್ಮ ಬರೆಯುವ ಬಳಗದಲ್ಲಿ ಪ್ರೇಮಕಥೆ ಬಿಟ್ಟು ಬೇರೇನೂ ಬರೆಯದ ವೈನಿ.

ಹತ್ತು ವರ್ಷ ಹೊಲ, ಬರ, ಅತ್ತೆ-ಸೊಸೆ ಅಂತ ಬರೆದವನು ಈ ವರ್ಷ ಪತ್ತೇದಾರಿಗೆ ಕೈ ಹಾಕಿದ್ದೇನೆ. ಪಾತ್ರಗಳ ಪಟ್ಟಿ, ಅಧ್ಯಾಯಗಳ ನಕ್ಷೆ, ಗೋಡೆ ತುಂಬ ಚೀಟಿ, ಅದೆಲ್ಲ ನಿಮ್ಮ ಮನೆಯಲ್ಲೂ ಇದ್ದದ್ದೇ, ಬಿಡಿ. ತಲೆನೋವು ಒಂದೇ ಒಂದು ವಾಕ್ಯದ್ದು.

ವಿಜಯಪುರದಲ್ಲಿ ಕೂತು ಪತ್ತೇದಾರಿ ಬರೆದು, ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಬಳಸದಿದ್ದರೆ ಊರವರು ಸುಮ್ನೆ ಬಿಡ್ತಾರಾ? ನನ್ನ ನಾಯಕಿ ಅಲ್ಲಿ ಗೋಡೆಗೆ ಒರಗಿ ನಿಂತಿದ್ದಾಳೆ. ಎದುರು ಬದಿಯಲ್ಲಿ ಒಬ್ಬ ನೌಕರ ಮರಳು ಸಾಗಿಸುವವನ ಕಿವಿಯಲ್ಲಿ ಹೇಳುತ್ತಾನೆ: ‘ನಾಳೆ ದಾಳಿ ಇದೆ, ಹುಷಾರು.’ ಈ ಊರಿನ ಕಳ್ಳ ಯಾರೂ ಅಲ್ಲಿ ಬಾಯಿ ಬಿಡೋದಿಲ್ಲ. ಅದಕ್ಕೇ ಅವನನ್ನು ಮಂಡ್ಯದಿಂದ ವರ್ಗ ಮಾಡಿಸಿ ತಂದಿದ್ದೇನೆ. ನಾಯಕಿಗೆ ಮಾತು ಕೇಳಬೇಕು, ಆದರೆ ತಪ್ಪಾಗಿ ಕೇಳಬೇಕು. ಇಡೀ ಕಾದಂಬರಿ ಆ ತಪ್ಪಿನ ಮೇಲೆ ನಿಂತಿದೆ.

ಹೇಗೆ ತಪ್ಪಾಗಿ ಕೇಳುತ್ತದೆ? ಡ್ರಾಫ್ಟ್ 1ರಲ್ಲಿ ಶಾಲೆ ಮಕ್ಕಳ ಗಲಾಟೆ ಇಟ್ಟೆ. ಗಲಾಟೆಯಲ್ಲಿ ಏನೂ ಕೇಳಲ್ಲ, ಕಥೆಯೇ ಇಲ್ಲ. ಡ್ರಾಫ್ಟ್ 2ರಲ್ಲಿ ಪ್ರತಿಧ್ವನಿಗೆ ಒಂದು ಪದ ನುಂಗಿಸಿದೆ. ಡ್ರಾಫ್ಟ್ 3ರಲ್ಲಿ ನಾಯಕಿಗೆ ಶೀತ ಬರಿಸಿ ಒಂದು ಕಿವಿ ಮುಚ್ಚಿದೆ. ಬಳಗದ ಕಾಕಾ ಓದಿ, ‘ಮುಂದಿನ ಸಲ ಡಾಕ್ಟರ್ ಚೀಟಿನೂ ಹಚ್ಚು’ ಅಂದರು.

ಡ್ರಾಫ್ಟ್ 4 ಸತ್ತಿದ್ದು ಜಾಗಕ್ಕೆ ಹೋಗಿ ನೋಡಿದಾಗ. ಮೂಲೆಯ ಮಿನಾರದ ಏಳು ಅಂತಸ್ತು ಹತ್ತಿ, ಏದುಸಿರು ಬಿಡುತ್ತ ಗ್ಯಾಲರಿಗೆ ಹೋದೆ. ಒಳಗೆ ಈ ಗೋಡೆಯಿಂದ ಆ ಗೋಡೆಗೆ ಸುಮಾರು 38 ಮೀಟರ್. ಅಷ್ಟು ದೂರದಲ್ಲಿ ಯಾರೋ ಚಿಪ್ಸ್ ಪ್ಯಾಕೆಟ್ ಹರಿದರೆ ನನ್ನ ಭುಜದ ಹತ್ತಿರವೇ ಹರಿದ ಹಾಗಾಯ್ತು. ಸದ್ದು ದುಂಡು ಗೋಡೆ ಹಿಡಿದುಕೊಂಡೇ ಸುತ್ತಿ ಬರುತ್ತದಲ್ಲ, ಅಲ್ಲಿ ಯಾವ ಪದವೂ ನುಂಗಿ ಹೋಗೋದಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಕೆಳಗೆ ಅವನು ತಣ್ಣಗೆ ಮಲಗಿದ್ದ. ಮೇಲೆ ನನ್ನ ಪ್ಲಾಟ್ ಕೂಡ.

ಭಾನುವಾರ ಬೆಳಿಗ್ಗೆ, ಶಾಲಾ ಬಸ್ಸುಗಳು ಬರೋ ಮುಂಚೆ, ವೈನಿಯನ್ನೂ ವಿಜ್ಞಾನ ಕಥೆ ಬರೆಯುವ ಮಾಸ್ತರರನ್ನೂ ಎಳೆದುಕೊಂಡು ಹೋದೆ. ಮಾಸ್ತರರು ಎದುರು ಬದಿಗೆ ಹೋದರು. ಅವರು ಆ ಅಧ್ಯಾಯ ಓದಿರಲಿಲ್ಲ, ಅದೇ ಒಳ್ಳೆಯದಾಯ್ತು. ವೈನಿ ನನ್ನ ನೋಟ್‌ಬುಕ್ ನೋಡಿ ಗೋಡೆಗೆ ಬಾಯಿಟ್ಟು ಆ ವಾಕ್ಯ ಪಿಸುಗುಟ್ಟಿದರು. ಒಂದು ಕ್ಷಣ ಮೌನ. ಆಮೇಲೆ ಆ ಕಡೆಯಿಂದ ಮಾಸ್ತರರು ಗಟ್ಟಿಯಾಗಿ:

‘ಯಾರ ಮದುವಿರೀ?’

ಮದುವಿರೀ, ಮದುವಿರೀ, ಮದುವಿರೀ... ಗುಮ್ಮಟ ಬಿಡದೆ ಕೇಳಿತು. ಕಾವಲುಗಾರ ಸಿಟ್ಟಿನಿಂದ ಸೀಟಿ ಊದಿದ. ಅದೂ ಅಷ್ಟೇ ಸಲ ಊದಿತು.

ಅವರಿಗೆ ಕೇಳಿದ್ದು ‘ನಾಳೆ ತಾಳಿ ಇದೆ, ಹುಷಾರು.’

ಕಾರಣವನ್ನು ಮಾಸ್ತರರೇ ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು. ಗಂಟಲ ಮೇಲೆ ಬೆರಳಿಟ್ಟು ‘ದ’ ಅನ್ನಿ, ಒಳಗೆ ಗುಂಯ್ ಅನ್ನುತ್ತದೆ. ಪಿಸುಮಾತಲ್ಲಿ ಅನ್ನಿ, ಏನೂ ಇಲ್ಲ. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸೋದಿಲ್ಲ. ದ ಮತ್ತು ತ, ಗ ಮತ್ತು ಕ, ಬ ಮತ್ತು ಪ ನಡುವಿನ ದೊಡ್ಡ ವ್ಯತ್ಯಾಸ ಆ ಕಂಪನವೇ. ಅದು ಹೋದರೆ ಕಿವಿ ಊಹೆ ಮಾಡಬೇಕು. ಮನಸ್ಸಲ್ಲಿ ಮದುವೆ ಇದ್ದವರಿಗೆ ತಾಳಿ, ಪೊಲೀಸರು ಇದ್ದವರಿಗೆ ದಾಳಿ. (ಮಾಸ್ತರರ ಮಗಳಿಗೆ ವರ ಹುಡುಕುತ್ತಿದ್ದಾರೆ ಅನ್ನೋದು ಬೇರೆ ಮಾತು.)

‘ಪತ್ತೇದಾರಿ ನಿಂದಾದ್ರ ತಾಳಿ ನಂದು ನೋಡಪಾ’ ಅಂದರು ವೈನಿ. ಅಂದವರು ಅಲ್ಲಿಗೇ ಬಿಡಲಿಲ್ಲ. ನಾಯಕಿಗೆ ಮುಂದಿನ ವಾರ ನಿಶ್ಚಿತಾರ್ಥ ಇಡು, ಆಗ ಅವಳ ಕಿವಿ ತಾಳಿಯನ್ನೇ ಹುಡುಕ್ತದ ಅಂದರು. ನಾನು ಕಿವಿ ರಿಪೇರಿ ಮಾಡುತ್ತಿದ್ದೆ. ಅವರು ಮನಸ್ಸು ನೋಡಿದರು.

ಇನ್ನೊಂದು ತೊಡಕು ಉಳಿದಿತ್ತು. ನಿರೂಪಕನೇ ‘ತಾಳಿ ಅಂದ’ ಅಂತ ಬರೆದರೆ ಅದು ಮೋಸ ಅಲ್ವಾ? ಕಾಕಾ ಫೋನಲ್ಲಿ ಒಂದೇ ಮಾತಿಗೆ ಬಗೆಹರಿಸಿದರು: ‘ನೀ ಸುಳ್ಳ ಹೇಳಬ್ಯಾಡ, ಆಕಿ ಸುಳ್ಳ ಕೇಳಲಿ.’ ಈಗ ಸಾಲು ‘ಅವಳಿಗೆ ಕೇಳಿಸಿದ್ದು’ ಅಂತ ಶುರುವಾಗುತ್ತದೆ. ಕ್ಲೂ ಅನ್ನು ಎರಡನೇ ಅಧ್ಯಾಯದ ನಗೆ ದೃಶ್ಯದಲ್ಲಿ ಹೂತಿದ್ದೇನೆ. ಕಿವಿಮಾತಿನ ಆಟದಲ್ಲಿ ಅಜ್ಜ ‘ಗುಡಿ’ ಅಂತಾನೆ, ಮೊಮ್ಮಗ ‘ಕುಡಿ’ ಅಂತ ತಿಳಿದು ನೀರಿನ ಬಾಟ್ಲಿ ಪೂರ್ತಿ ಖಾಲಿ ಮಾಡ್ತಾನೆ. ಓದಿದ ಮೂವರೂ ನಕ್ಕರು, ಒಬ್ಬರೂ ಅನುಮಾನ ಪಡಲಿಲ್ಲ.

ಈ ನಡುವೆ ಮುಂದಿನ ಕಥೆ ಬೇರೆ ಕಾಡುತ್ತಿದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಹೋದವು, ಜನ ನವನಗರಕ್ಕೆ ಬಂದರು. ಅಲ್ಲಿನ ಒಂದು ದೆವ್ವ ತನ್ನ ಮನೆಯವರನ್ನು ಹುಡುಕಿಕೊಂಡು ನವನಗರದ ಸೆಕ್ಟರ್ ನಂಬರುಗಳ ನಡುವೆ ಅಲೆಯುತ್ತದೆ. ಅದಕ್ಕೆ ಗೊತ್ತಿರೋದು ಓಣಿಯ ಹೆಸರು ಮಾತ್ರ. ದೆವ್ವದ ಕಥೆ ಬರೆಯುವ ಬಾಗಲಕೋಟೆಯ ತಮ್ಮನಿಗೆ ಹೇಳಿದೆ. ‘ಅಣ್ಣಾ, ಅದು ಯಾರನ್ನೂ ಹೆದರಿಸಬಾರ್ದು, ಬರೇ ದಾರಿ ಕೇಳಬೇಕು’ ಅಂದ. ಎರಡು ದಿನ ನಿದ್ದೆ ಬರಲಿಲ್ಲ. ಆದರೆ ಮೊದಲು ಇದು ಮುಗಿಯಲಿ.

ಮುಗಿಯೋಕೆ ಡಿಟಿಪಿ ಅಂಗಡಿ ಬಿಡಬೇಕಲ್ಲ. ನಾನು ಕೈಯಲ್ಲೇ ಬರೆಯುವವನು. ಹೋದ ಸಲ ನುಡಿ ತಂತ್ರಾಂಶದ ಫಾಂಟಿನಿಂದ ಯೂನಿಕೋಡ್‌ಗೆ ಹಾಕುವಾಗ ಅರ್ಕಾವತ್ತೆಲ್ಲ ಉದುರಿ, ನನ್ನ ಅರ್ಜುನ ಮುನ್ನೂರು ಪುಟ ಅಜುನನಾಗಿಯೇ ಓಡಾಡಿದ್ದ. ಈ ಸಲ ಬೇರೆ ಅಂಗಡಿ, ಪುಟಕ್ಕೆ 5 ರೂಪಾಯಿ ಜಾಸ್ತಿ. ನಿನ್ನೆ ಸಂಜೆ ಪ್ರೂಫ್ ತಂದು ಬಿಚ್ಚಿ ನೋಡಿದರೆ ಮೂರನೇ ಅಧ್ಯಾಯದಲ್ಲಿ ಅಚ್ಚುಕಟ್ಟಾಗಿ ‘ಅವಳಿಗೆ ಕೇಳಿಸಿದ್ದು: ನಾಳೆ ದಾಳಿ ಇದೆ.’

ಫೋನ್ ಮಾಡಿದೆ. ಹುಡುಗ ಖುಷಿಯಲ್ಲಿದ್ದ. ‘ಸರ್, ಅಲ್ಲಿ ನೀವು ತಪ್ಪಿ ತಾಳಿ ಅಂತ ಬರದಿದ್ರಿ. ಕಡೀ ಅಧ್ಯಾಯ ಟೈಪ್ ಮಾಡೂಮುಂದ ಗೊತ್ತಾತು, ಅದು ದಾಳಿ ಅಂತ. ಎಲ್ಲಾ ಕಡೆ ತಿದ್ದೀನ್ರಿ. ಅದಕ್ಕ ರೊಕ್ಕ ಏನೂ ಬ್ಯಾಡ್ರಿ.’

ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಬೇಕು. ಬೈಯೋಕೆ ಮನಸ್ಸಿಲ್ಲ. ನನ್ನ ಕೇಸ್ ಬಿಡಿಸಿದ ಮೊದಲ ಓದುಗ ಅವನೇ.