ಅಯೋವಾದ ಎಂಟು ಮತ

ಅಮೆರಿಕದ ಅಯೋವಾ ರಾಜ್ಯದಲ್ಲಿ ಸಂಜೆ ಏಳು ಗಂಟೆ ಅಂದರೆ ನಮ್ಮಲ್ಲಿ ಮರುದಿನ ಬೆಳಗ್ಗೆ ಆರೂವರೆ. ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸಲು ಅಲ್ಲಿ ನಡೆದ 2012ರ ಜನವರಿ 3ರ ರಿಪಬ್ಲಿಕನ್ ಕಾಕಸ್ ಅನ್ನು ಬೆಂಗಳೂರಿನಿಂದ ಹಿಂಬಾಲಿಸಿದವರಿಗೆ ಅದು ಜನವರಿ 4ರ ಮೊದಲ ಕಾಫಿಯ ಹೊತ್ತಿಗೆ ಶುರುವಾಗಿ, ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಮುಗಿಯಿತು. ಮುಗಿಯಿತು ಅಂದುಕೊಂಡೆವು, ಅಷ್ಟೆ.

ಅಂದು ಉಸಿರು ಬಿಗಿಹಿಡಿದವರು ರಿಕ್ ಸ್ಯಾಂಟೋರಮ್ ಬೆಂಬಲಿಗರು. ಅವರ ಅಭ್ಯರ್ಥಿಯ ಬಳಿ ಹಣವಿರಲಿಲ್ಲ, ಸಮೀಕ್ಷೆಗಳಲ್ಲಿ ತಿಂಗಳುಗಟ್ಟಲೆ ತಳದಲ್ಲೇ ಇದ್ದ. ನಮ್ಮ ಜಿಲ್ಲೆಗಳ ಹಾಗಿರುವ ಅಯೋವಾದ 99 ಕೌಂಟಿಗಳನ್ನೂ ಸುತ್ತಿದ ಮನುಷ್ಯ. ಎದುರಿಗೆ ಮಿಟ್ ರಾಮ್ನಿ. ಹಣ, ಹೆಸರು, ಸಂಘಟನೆ ಎಲ್ಲ ಅವರ ಕಡೆ. ರಾತ್ರಿ ಸರಿದಂತೆ ಇಬ್ಬರ ನಡುವಿನ ಅಂತರ ಕರಗುತ್ತ ಕರಗುತ್ತ ಒಂದಂಕಿಗೆ ಬಂದು ನಿಂತಿತು. ಕೊನೆಗೆ ಪಕ್ಷ ಓದಿದ ಲೆಕ್ಕ: ರಾಮ್ನಿ 30,015, ಸ್ಯಾಂಟೋರಮ್ 30,007.

ಸಂತೇಮರಹಳ್ಳಿಯ 2004ರ ವಿಧಾನಸಭಾ ಚುನಾವಣೆಯ ಎಣಿಕೆ ನೆನಪಿರುವ ಯಾರಿಗೂ ಎಂಟು ಮತ ದೊಡ್ಡ ಅಂತರವಾಗಿಯೇ ಕಾಣುತ್ತದೆ. ಅಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ, 40,752ಕ್ಕೆ 40,751. ಆದರೆ ಅಲ್ಲಿ ಚುನಾವಣಾಧಿಕಾರಿ ಇದ್ದರು, ಎರಡೂ ಕಡೆಯ ಏಜೆಂಟರು ಇದ್ದರು, ಕಾನೂನು ಇತ್ತು. ಅಯೋವಾದ ಕಾಕಸ್ ಸರ್ಕಾರದ ಚುನಾವಣೆಯೇ ಅಲ್ಲ. ಪಕ್ಷ ನಡೆಸುವ ಸಭೆ, ಅದೂ ಸ್ವಯಂಸೇವಕರ ಕೈಯಲ್ಲಿ. ಇದು ತಲೆಗೆ ಹತ್ತದಿದ್ದರೆ ಆ ರಾತ್ರಿಯ ಯಾವ ಅಂಕಿಯೂ ಅರ್ಥವಾಗುವುದಿಲ್ಲ.

ಸಭೆ ನಡೆಯುವುದು ಶಾಲೆಯ ಜಿಮ್‌ನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ, ಊರ ಗ್ರಂಥಾಲಯದಲ್ಲಿ. ನಮ್ಮ ಮತಗಟ್ಟೆ ವ್ಯಾಪ್ತಿಯ ಹಾಗಿರುವ ಒಂದೊಂದು ಪ್ರಿಸಿಂಕ್ಟ್‌ಗೂ ಒಂದೊಂದು ಸಭೆ. ಅಂದು ಅಂಥವು 1,774. ಪಕ್ಷದ ಸದಸ್ಯನಾಗಿ ಬಾಗಿಲಲ್ಲೇ ಹೆಸರು ನೋಂದಾಯಿಸಬಹುದು. ನವೆಂಬರ್ ಚುನಾವಣೆಯ ಹೊತ್ತಿಗೆ ಹದಿನೆಂಟು ತುಂಬುವುದಾದರೆ ಹದಿನೇಳರ ಹುಡುಗರೂ ಮತ ಹಾಕಬಹುದು. ಮೊದಲು ಅಧ್ಯಕ್ಷ, ಕಾರ್ಯದರ್ಶಿಯ ಆಯ್ಕೆ. ಆಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಒಬ್ಬೊಬ್ಬರು ಎದ್ದು ಎರಡು ಮೂರು ನಿಮಿಷ ಮಾತು. ನಂತರ ಚೀಟಿ. ಎಷ್ಟೋ ಕಡೆ ಅದು ಬರೀ ಖಾಲಿ ಕಾಗದದ ತುಂಡು. ಹೆಸರನ್ನು ಪೆನ್ನಿನಲ್ಲಿ ಬರೆದು, ಮಡಿಸಿ, ಡಬ್ಬಕ್ಕೆ ಹಾಕುವುದು. 2012ರಲ್ಲಿ ಎಲ್ಲರ ಕಣ್ಣೆದುರೇ ಎಣಿಸಿ, ಜೋರಾಗಿ ಓದಿ, 'ಫಾರ್ಮ್ ಇ' ಎಂಬ ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಅದೇ ಅಂಕಿಯನ್ನು ಫೋನಿನಲ್ಲಿ ಪಕ್ಷದ ಕಚೇರಿಗೆ ತಿಳಿಸಿದರು.

ಟಿವಿಯಲ್ಲಿ ಓಡಿದ್ದು ಫೋನಿನ ಅಂಕಿ. ನಿಜವಾದ ಫಲಿತಾಂಶ ಸಹಿ ಬಿದ್ದ ಆ ಹಾಳೆ. ಹಾಳೆ ರಾಜಧಾನಿ ಡಿಮೊಯ್ನ್ ಸೇರಲು ಎರಡು ವಾರ ಗಡುವಿತ್ತು. ಈ ಎರಡರ ನಡುವಿನ ಬಿರುಕಿನಲ್ಲಿ ಎಂಟು ಮತ ಸಲೀಸಾಗಿ ಜಾರಿ ಹೋಗುತ್ತದೆ.

'ಶೇ 99ರಷ್ಟು ಎಣಿಕೆ ಪೂರ್ಣ' ಎಂದು ಪರದೆಯ ಮೇಲೆ ಬಂದಾಗ ಬೆಂಬಲಿಗರು ಕುಣಿಯುವುದೋ ಕುಸಿಯುವುದೋ ಮಾಡುತ್ತಾರೆ. ಅಲ್ಲೊಂದು ಲೆಕ್ಕ ಹಾಕಬೇಕು. ಶೇ 99 ಅಂದರೆ ಮತಗಳಲ್ಲ, ಪ್ರಿಸಿಂಕ್ಟ್‌ಗಳು. 1,774ರಲ್ಲಿ ಶೇ 1 ಅಂದರೆ ಹದಿನೇಳು, ಹದಿನೆಂಟು ಸಭೆ. ಅಂದು ಒಟ್ಟು ಬಿದ್ದ ಮತ ಸುಮಾರು 1,21,500. ಸರಾಸರಿ ಸಭೆಗೆ ಅರವತ್ತೆಂಟು. ಅಲ್ಲಿಗೆ ಬರಬೇಕಾದ್ದು ಇನ್ನೂ ಸಾವಿರಕ್ಕೂ ಹೆಚ್ಚು ಮತ! ಅಂತರ ನೋಡಿದರೆ ಒಂದಂಕಿ. ಹಾಗಾಗಿ ಒಟ್ಟು ಅಂಕಿ ನೋಡುತ್ತ ಕೂರುವುದಕ್ಕಿಂತ ಯಾವ ಕೌಂಟಿ ಬಾಕಿ ಇದೆ ಎಂದು ನೋಡುವುದು ಮೇಲು. ವಾಯವ್ಯ ಮೂಲೆಯ ಸೂ ಕೌಂಟಿ ಬಾಕಿಯಿದ್ದರೆ ಸ್ಯಾಂಟೋರಮ್‌ಗೆ ಆಸೆ. ಡಿಮೊಯ್ನ್ ಇರುವ ಪೋಕ್, ಸೀಡರ್ ರ‍್ಯಾಪಿಡ್ಸ್ ಇರುವ ಲಿನ್ ಬಾಕಿಯಿದ್ದರೆ ರಾಮ್ನಿಗೆ. ಆ ರಾತ್ರಿ ಕೊನೆಗೆ ಕಾಯಿಸಿದ್ದು ಮಿಸಿಸಿಪಿ ದಂಡೆಯ ಕ್ಲಿಂಟನ್ ಕೌಂಟಿ. ಮಲಗಿದ್ದವರನ್ನು ಫೋನ್ ಮಾಡಿ ಎಬ್ಬಿಸಿ ಅಂಕಿ ಕೇಳಬೇಕಾಯಿತು.

ತಪ್ಪು ಹೇಗೆ ನುಸುಳುತ್ತದೆ ಎನ್ನುವುದಕ್ಕೆ ದಕ್ಷಿಣದ ಅಪನೂಸ್ ಕೌಂಟಿಯ ಒಂದು ಸಭೆ ಸಾಕು. ಅಲ್ಲಿ ಮತ ಹಾಕಿದವರೊಬ್ಬರು ಎಣಿಕೆಯನ್ನು ತಮ್ಮ ಚೀಟಿಯಲ್ಲಿ ಬರೆದುಕೊಂಡು ಮನೆಗೆ ಒಯ್ದಿದ್ದರು. ಅದರಲ್ಲಿ ರಾಮ್ನಿಗೆ 2. ಪ್ರಕಟವಾದ ಪಟ್ಟಿಯಲ್ಲಿ 22. ಅಂಕಿಯೊಂದು ಎರಡು ಸಲ ಬಿದ್ದರೆ ಇಪ್ಪತ್ತು ಮತದ ವ್ಯತ್ಯಾಸ. ಇಡೀ ರಾಜ್ಯದ ಗೆಲುವಿನ ಅಂತರ ಎಂಟು. ಆ ಚೀಟಿಯ ಬೆಲೆ ಎಷ್ಟೆಂದು ನೀವೇ ಅಂದಾಜು ಮಾಡಿ.

ಎರಡು ವಾರದ ನಂತರ ಹಾಳೆಗಳೆಲ್ಲ ಬಂದು ಕೂಡಿಸಿದಾಗ ಸ್ಯಾಂಟೋರಮ್ 29,839, ರಾಮ್ನಿ 29,805. ಮೂವತ್ತನಾಲ್ಕು ಮತದ ಮುನ್ನಡೆ, ಅದೂ ತಿರುವುಮುರುವು. ಅದರಲ್ಲೂ ಎಂಟು ಪ್ರಿಸಿಂಕ್ಟ್‌ಗಳ ಹಾಳೆ ಬರಲೇ ಇಲ್ಲ; ಅಲ್ಲಿನ ಮತಗಳು ಅಧಿಕೃತ ಲೆಕ್ಕಕ್ಕೆ ಸೇರಲೇ ಇಲ್ಲ. ಮರುಎಣಿಕೆಗೆ ದಾರಿಯೂ ಇರಲಿಲ್ಲ. ಅಷ್ಟರಲ್ಲಿ ರಾಮ್ನಿ ನ್ಯೂ ಹ್ಯಾಂಪ್‌ಶೈರ್ ಗೆದ್ದು, ಎರಡೂ ರಾಜ್ಯ ಗೆದ್ದವರೆಂದು ಪತ್ರಿಕೆಗಳಲ್ಲಿ ಮೆರೆದಾಗಿತ್ತು. ಗೆದ್ದ ರಾತ್ರಿ ಗೆದ್ದವನೆಂದು ಕರೆಸಿಕೊಳ್ಳದಿದ್ದರೆ ಹಣ ಬರುವುದಿಲ್ಲ, ಕ್ಯಾಮೆರಾ ಬರುವುದಿಲ್ಲ. ಹದಿನೈದು ದಿನ ತಡವಾಗಿ ಬಂದ ಗೆಲುವನ್ನು ಇಟ್ಟುಕೊಂಡು ಏನು ಮಾಡುವುದು? ಸ್ಯಾಂಟೋರಮ್ ಬೆಂಬಲಿಗರಿಗೆ ಆದದ್ದು ನಿಜವಾದ ಅನ್ಯಾಯ ಎಂದೇ ಇಂದಿಗೂ ನನ್ನ ಎಣಿಕೆ.

ನಮ್ಮ ಮತಗಟ್ಟೆ ಏಜೆಂಟರು ಬಿದ್ದ ಮತಗಳ ಲೆಕ್ಕದ 17ಸಿ ನಮೂನೆಯ ಪ್ರತಿ ಕೈಗೆ ಬಾರದೆ ಜಾಗ ಬಿಟ್ಟು ಕದಲುವುದಿಲ್ಲ. ಕಾಕಸ್‌ಗೆ ಹೋಗುವವರಿಗೂ ಅದೇ ಬುದ್ಧಿ ಬೇಕು. ಓದಿದ ಅಂಕಿಗಳನ್ನು ಅಲ್ಲೇ ಬರೆದುಕೊಳ್ಳಿ. ಫಾರ್ಮ್ ಮೇಲೆ ಸಹಿ ಬಿತ್ತೇ ನೋಡಿ, ಫೋಟೊ ತೆಗೆಯಿರಿ. ರಾತ್ರಿ ಪ್ರಕಟವಾದ ಪಟ್ಟಿಯಲ್ಲಿ ನಿಮ್ಮ ಪ್ರಿಸಿಂಕ್ಟ್ ಹುಡುಕಿ ಹೋಲಿಸಿ. ಮತದಾನದ ಹಕ್ಕಿಲ್ಲದ ಎಚ್-1ಬಿ ವೀಸಾದವರೂ ವೀಕ್ಷಕರಾಗಿ ಕೂರಬಹುದು. ಅಲ್ಲಿರುವ ಕನ್ನಡಿಗರು ಒಮ್ಮೆ ಹೋಗಿ ನೋಡುವಂಥದ್ದು.

ಕಾಗದದ ಬೆಲೆ 2020ರಲ್ಲಿ ಡೆಮಾಕ್ರಟರಿಗೂ ಗೊತ್ತಾಯಿತು. ಫೆಬ್ರವರಿ 3ರ ರಾತ್ರಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟಿತು, ಬದಲಿಗೆ ಕರೆ ಮಾಡಿದವರಿಗೆ ಫೋನ್ ಸಿಗಲಿಲ್ಲ. ಮೊದಲ ಕಂತಿನ ಅಂಕಿ ಬಂದದ್ದು ಮರುದಿನ ಸಂಜೆ. ಪೀಟ್ ಬೂಟಜೆಜ್ ಮತ್ತು ಬರ್ನಿ ಸ್ಯಾಂಡರ್ಸ್ ನಡುವಿನ ಅಂತರ ಎಷ್ಟು ಸಣ್ಣದಿತ್ತೆಂದರೆ ಎಪಿ ಸುದ್ದಿಸಂಸ್ಥೆ ಯಾರನ್ನೂ ವಿಜೇತರೆಂದು ಘೋಷಿಸಲಿಲ್ಲ. ಆ ವರ್ಷ ಹೊಸದಾಗಿ ತಂದಿದ್ದ, ಮತದಾರರೇ ಸಹಿ ಹಾಕಿದ ಆಯ್ಕೆಯ ಕಾರ್ಡುಗಳು ಇಲ್ಲದಿದ್ದರೆ ತಾಳೆ ನೋಡುವುದಕ್ಕೆ ಗಟ್ಟಿ ಆಧಾರವೇ ಇರುತ್ತಿರಲಿಲ್ಲ.

2012ಕ್ಕೇ ಬರುತ್ತೇನೆ, ಒಂದು ಮಾತು ಬಾಕಿಯಿದೆ. ಅಂದು ಚೀಟಿ ಎಣಿಸಿದ ಮೇಲೆ ಬಹುಪಾಲು ಜನ ಕೋಟು ಹಾಕಿಕೊಂಡು ಮನೆಗೆ ಹೊರಟರು. ಸಭೆ ಮುಗಿದಿರಲಿಲ್ಲ. ಕೌಂಟಿ ಸಮಾವೇಶಕ್ಕೆ ಪ್ರತಿನಿಧಿಗಳ ಆಯ್ಕೆ ಆಗಬೇಕಿತ್ತು. ಅಲ್ಲಿಂದ ಸಂಸತ್ ಕ್ಷೇತ್ರ, ಕ್ಷೇತ್ರದಿಂದ ರಾಜ್ಯ, ರಾಜ್ಯದಿಂದ ರಾಷ್ಟ್ರೀಯ ಸಮಾವೇಶ. ಆ ವರ್ಷ ಚೀಟಿಯ ಮತ ಈ ಪ್ರತಿನಿಧಿಗಳನ್ನು ಕಟ್ಟಿಹಾಕುತ್ತಿರಲಿಲ್ಲ. ಮೂರನೇ ಸ್ಥಾನ ಬಂದಿದ್ದ ರಾನ್ ಪಾಲ್ ಬೆಂಬಲಿಗರು ಕುರ್ಚಿ ಬಿಟ್ಟು ಏಳಲಿಲ್ಲ. ಕೈ ಎತ್ತಿ ಹೆಸರು ಕೊಟ್ಟರು, ಪ್ರತಿ ಹಂತದಲ್ಲೂ ಬಂದು ಕೂತರು. ಆಗಸ್ಟ್‌ನಲ್ಲಿ ಟ್ಯಾಂಪಾದ ರಾಷ್ಟ್ರೀಯ ಸಮಾವೇಶದಲ್ಲಿ ರಾಜ್ಯವಾರು ಮತ ಕೇಳಿದಾಗ ಅಯೋವಾದ 28 ಮತಗಳಲ್ಲಿ 22 ರಾನ್ ಪಾಲ್‌ಗೆ, 6 ರಾಮ್ನಿಗೆ. ಮೂವತ್ತನಾಲ್ಕು ಮತದಿಂದ ಗೆದ್ದಿದ್ದ ಸ್ಯಾಂಟೋರಮ್‌ಗೆ ಒಂದೂ ಇಲ್ಲ.