ಐದನೇ ದೃಶ್ಯ ಕತ್ತರಿಸಿದ ರಾತ್ರಿ

ರಾತ್ರಿ 9:40ಕ್ಕೆ ಸೈಡ್ ವಿಂಗ್‌ನ ಸಂದಿಯಿಂದ ಇಣುಕಿ ನೋಡಿದರೆ ಅರ್ಧ ಕುರ್ಚಿ ಖಾಲಿ. ಉಳಿದವರೂ ಏಳುತ್ತಿದ್ದಾರೆ. ಹೆಂಗಸರು ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಹುಡುಕುತ್ತಿದ್ದಾರೆ. 7 ಗಂಟೆಗೆ ಶುರುವಾಗಬೇಕಿದ್ದ ನಮ್ಮ ನಾಟಕಕ್ಕೆ ಇನ್ನೂ ಮೂರನೇ ಬೆಲ್ ಆಗಿಲ್ಲ. ವೇದಿಕೆ ಮೇಲೆ ಹದಿನಾಲ್ಕನೇ ಸನ್ಮಾನ ನಡೀತಿದೆ.

ಬಾಗಲಕೋಟೆ ಕಡೆಯ ಒಂದು ತಾಲೂಕು ಊರು, ಒಂದು ಸಂಘದ ವಾರ್ಷಿಕೋತ್ಸವ. ಹೆಸರು ಬೇಡ. ಮಧ್ಯಾಹ್ನ ಟೆಂಪೋ ಟ್ರಾವೆಲರ್ ಇಳಿದಾಗಿನಿಂದ ನಾನು ಹೇಳಿದ್ದು ಒಂದೇ ಮಾತು: "ಆಯ್ತು ಸರ್, ಅಡ್ಜಸ್ಟ್ ಮಾಡ್ಕೋತೀವಿ." ವೇದಿಕೆಯ ಹಿಂದೆ ಸೈಕ್ ಪರದೆ ಇರಬೇಕಾದ ಜಾಗದಲ್ಲಿ ದಾನಿಗಳ ಫೋಟೋ ಇರುವ ಫ್ಲೆಕ್ಸ್. ತೆಗೆಯೋ ಹಾಗಿಲ್ಲ, ಆಯ್ತು ಸರ್. ಕರೆಂಟಿಗೆ 15 ಆಂಪ್ಸಿನ ಒಂದೇ ಪಾಯಿಂಟ್. ಸಾವಿರ ವಾಟ್‌ನ ಪಾರ್ ಲೈಟ್ ಒಂದಕ್ಕೇ ನಾಲ್ಕು ಆಂಪ್ಸ್ ದಾಟುತ್ತದೆ, ಮೂರರ ಮೇಲೆ ಹಾಕಿದರೆ ಫ್ಯೂಸ್ ಹೋಗುವುದು ಖಂಡಿತ. ನಾವು ತಂದಿದ್ದು ಎಂಟು. ಶಾಮಿಯಾನದವರ ಜನರೇಟರ್‌ನಿಂದ ಒಂದು ವೈರ್ ಎಳೆಸಿಕೊಂಡೆವು. ಅದಕ್ಕೂ ನಾನೇ ಥ್ಯಾಂಕ್ಸ್ ಹೇಳಿದೆ.

ಯಾಕಿಷ್ಟು ಬಗ್ಗಿದೆ ಅಂದರೆ, ಸಂಘಟಕರಿಗೆ ಬೇಜಾರಾದರೆ ಮುಂದಿನ ಶೋ ಹೋಯಿತು ಎಂಬ ಭಯ. ನಾನು ಹೆಗ್ಗೋಡಿನ ನೀನಾಸಮ್ ರಂಗಶಾಲೆಯಲ್ಲಿ ಕಲಿತು, ಎರಡು ವರ್ಷ ಅವರ ಸಂಚಾರಿ ತಂಡ ‘ತಿರುಗಾಟ’ದಲ್ಲಿ ಸುತ್ತಿದವಳು. 1985ರಿಂದ ಊರೂರು ಸುತ್ತುತ್ತಿರುವ ತಂಡ ಅದು. ಅಲ್ಲಿ ನಟಿಯಾಗಿದ್ದಾಗ ಸಂಘಟಕರಿಗೆ ಫೋನ್ ಮಾಡುವವರು ಯಾರು, ಡೀಸೆಲ್ ಲೆಕ್ಕ ಬರೆಯುವವರು ಯಾರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಸ್ವಂತ ತಂಡ ಕಟ್ಟಿದ ಮೇಲೆ ಆ ಎಲ್ಲರೂ ನಾನೇ ಆದೆ.

ಸರಿ, 9:40. ಸಂಘದ ಕಾರ್ಯದರ್ಶಿಗಳು ವಿಂಗ್‌ಗೆ ಬಂದು, "ಇನ್ನ ಇಬ್ಬರದ್ದ ಅದರಿ ಮೇಡಮ್ರ, ಹತ್ತ ಮಿನಿಟ್" ಅಂದರು. ನನಗೆ ಕಾಣುತ್ತಿದ್ದದ್ದು ಖಾಲಿ ಕುರ್ಚಿ ಮಾತ್ರ. ಬೆಂಗಳೂರಿನ ಲೆಕ್ಕ ತಲೆಯಲ್ಲಿತ್ತು. ಅಲ್ಲಿನ ರಂಗಮಂದಿರ ರಂಗಶಂಕರದಲ್ಲಿ ಏಳೂವರೆ ಅಂದರೆ ಏಳೂವರೆ, ಒಂಬತ್ತೂಕಾಲಿಗೆ ಜನ ಕ್ಯಾಬ್ ಹುಡುಕುತ್ತಿರುತ್ತಾರೆ. ಹತ್ತು ಗಂಟೆಗೆ ಶುರು ಮಾಡಿ ಒಂದೂಮುಕ್ಕಾಲು ಗಂಟೆ ಯಾರು ಕೂರುತ್ತಾರೆ? ಗ್ರೀನ್‌ರೂಮಿಗೆ ಓಡಿದೆ. "ನಾಲ್ಕು, ಐದು ಕಟ್. ಮೂರರಿಂದ ಸೀದಾ ಆರು."

ಐದನೇ ದೃಶ್ಯ ಅಂದರೆ ಸೊಸೆಯ ದೃಶ್ಯ. ಆ ಪಾತ್ರದ ಹುಡುಗಿ ಎರಡು ದಿನದ ಸೀರಿಯಲ್ ಶೂಟಿಂಗ್ ಬಿಟ್ಟು ಬಂದಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಕಾಡಿಗೆ ಹಚ್ಚುತ್ತಿದ್ದ ಕೈ ನಿಂತಿತು. ನನಗೆ ಅದನ್ನು ನೋಡುವ ಪುರಸೊತ್ತೂ ಇರಲಿಲ್ಲ. ಸಂಗೀತದವರಿಗೆ ಹೇಳಿದೆ. ಲೈಟ್‌ನ ಹುಡುಗ ಹಾಲ್‌ನ ಕೊನೆಯಲ್ಲಿ ಡಿಮ್ಮರ್ ಮುಂದೆ ಕೂತಿದ್ದ. ಅವನಿಗೆ ವಾಟ್ಸಾಪ್ ಹಾಕಿದೆ. ಒಂದೇ ಟಿಕ್. ನೆಟ್‌ವರ್ಕ್ ಬಂದಾಗ ನೋಡುತ್ತಾನೆ ಅಂದುಕೊಂಡೆ. ಅರವತ್ತು ಅಡಿ ನಡೆದು ಹೋಗಿ ಹೇಳಬಹುದಿತ್ತು.

ಹತ್ತಕ್ಕೆ ಶುರು ಮಾಡಿದೆವು. ಮೂರನೇ ದೃಶ್ಯದ ಕೊನೆಯಲ್ಲಿ ಸೊಸೆ ಕೊಡ ಹಿಡಿದು ಬಾವಿಗೆ ಹೊರಟಳು, ಬ್ಲ್ಯಾಕ್‌ಔಟ್ ಆಯಿತು. ಮುಂದೆ ಬರಬೇಕಾದದ್ದು ಮನೆಯ ಒಳಗಿನ ಹಳದಿ ಬೆಳಕು. ಬಂದದ್ದು ನಾಲ್ಕನೇ ದೃಶ್ಯದ ಬಾವಿಕಟ್ಟೆಯ ನೀಲಿ, ಅದೂ ಎಡಮೂಲೆಗೆ ಮಾತ್ರ. ಮಾವ ಬಲಗಡೆ ಕತ್ತಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಮಾತು ಶುರು ಮಾಡಿದ. ನಾನು ವಿಂಗ್‌ನಿಂದ ಕೈ ಬೀಸಿದೆ, ಮೊಬೈಲ್ ಟಾರ್ಚ್ ಅಲ್ಲಾಡಿಸಿದೆ. ಹುಡುಗ ಅಲ್ಲಾಡಲಿಲ್ಲ. "ನಟರು ದೃಶ್ಯ ಹಾರಿಸಿಬಿಟ್ಟರು ಅಂದ್ಕೊಂಡೆ ಅಕ್ಕ, ವಾಪಸ್ ಬರ್ತಾರೆ ಅಂತ ಕ್ಯೂ ಲೈನ್‌ಗೆ ಕಾದೆ" ಅಂದ ಆಮೇಲೆ. ಯಾವ ಮಾತಿಗೆ ಯಾವ ಬೆಳಕು ಅಂತ ಬರೆದಿಟ್ಟ ಅವನ ಕ್ಯೂ ಶೀಟ್ ಪ್ರಕಾರ ಅವನದ್ದೇ ಸರಿ. ನಾಲ್ಕು ನಿಮಿಷ ಹಾಗೇ ನಡೆಯಿತು. ಕೊನೆಗೆ ಮಾವ ಎದ್ದು, "ಏ ತಂಗೀ, ಈ ಮನ್ಯಾಗ ಬೆಳಕು ಅನ್ನೋದ ಐತೋ ಇಲ್ಲೋ, ಕಂದೀಲ ತಗೊಂಬಾ" ಅಂದುಬಿಟ್ಟ. ಹಾಲ್ ಪೂರ್ತಿ ನಕ್ಕಿತು.

ಆ ನಗು ಕೇಳಿದಾಗಲೇ ನನಗೆ ಗೊತ್ತಾದದ್ದು, ಹಾಲ್ ತುಂಬಿದೆ ಅಂತ. ಎದ್ದು ಹೋದವರು ಹಿಂದಿನ ಪೆಂಡಾಲಿನಲ್ಲಿ ಊಟ ಮುಗಿಸಿ ವಾಪಸ್ ಬಂದು ಕೂತಿದ್ದರು, ನಿಂತವರೂ ಇದ್ದರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯೆಲ್ಲ ಕಂಪನಿ ನಾಟಕ ನೋಡುವ ಜನಕ್ಕೆ ಹತ್ತು ಗಂಟೆ ಯಾವ ಲೆಕ್ಕ? ಊಟ ಎಷ್ಟು ಹೊತ್ತಿಗೆ, ಎಲ್ಲಿ ಅಂತ ಒಬ್ಬರನ್ನಾದರೂ ಕೇಳಿದ್ದರೆ ಆಗುತ್ತಿತ್ತು.

ನಾಟಕ ಮುಗಿದ ಮೇಲೆ ಒಬ್ಬ ಅಜ್ಜಿ ವೇದಿಕೆ ಹತ್ತಿರ ಬಂದು ಕೇಳಿದರು: "ಯವ್ವಾ, ನೀರಿಗಂತ ಹೋದಾಕಿ ಏನಾದಳು?" ಸೊಸೆ ಪಕ್ಕದಲ್ಲೇ ನಿಂತಿದ್ದಳು. ನನ್ನ ಬಳಿ ಉತ್ತರ ಇರಲಿಲ್ಲ.

ಸಂಭಾವನೆಯ ಕವರ್ ಕೊಟ್ಟದ್ದೂ ನನ್ನ ಕೈಗಲ್ಲ. "ನಿರ್ದೇಶಕರು ಎಲ್ಲಿ ಅದಾರ?" ಅಂತ ನನ್ನನ್ನೇ ಕೇಳಿ, ಲೈಟ್‌ನ ಹುಡುಗನ ಕೈಗಿಟ್ಟರು. ಎಲ್ಲರೆದುರು ಎಣಿಸಲು ಸಂಕೋಚ, ಗಾಡಿಯಲ್ಲಿ ಎಣಿಸಿದೆವು. ಮಾತಾಗಿದ್ದು 45,000, ಒಳಗಿದ್ದದ್ದು 30,000. ನನ್ನ ಖರ್ಚು: ಗಾಡಿ 18,000, ಎಂಟು ನಟರಿಗೆ ತಲಾ 1,500ರಂತೆ 12,000, ಲೈಟ್ ಬಾಡಿಗೆ 6,000, ಲೈಟ್ ಮತ್ತು ಸಂಗೀತದವರಿಗೆ 5,000, ಕತೆಗಾರರಿಗೆ 2,000. ಪೂರ್ತಿ ಬಂದಿದ್ದರೂ ನನಗೆ ಉಳಿಯುತ್ತಿದ್ದದ್ದು 2,000. ನಲವತ್ತು ದಿನದ ರಿಹರ್ಸಲ್‌ಗೆ ಲೆಕ್ಕವೇ ಇಲ್ಲ. ಕೈಯಿಂದ 13,000 ಹಾಕಿದೆ. ಅದು ಬೇಸಿಗೆ ಶಿಬಿರದ ದುಡ್ಡು. ಏಪ್ರಿಲ್-ಮೇನಲ್ಲಿ ಮಕ್ಕಳ ಶಿಬಿರ, ಯುವಜನೋತ್ಸವಕ್ಕೆ ಕಾಲೇಜುಗಳಿಗೆ ಏಕಾಂಕ ಕಲಿಸುವುದು, ಡಿಸೆಂಬರ್‌ನಲ್ಲಿ ಸ್ಕೂಲ್ ಡೇ. ವರ್ಷದಲ್ಲಿ ಏಳು ತಿಂಗಳು ಇವೇ ನನ್ನನ್ನು ಸಾಕುತ್ತವೆ, ಉಳಿದ ಐದು ತಿಂಗಳು ನಾಟಕವನ್ನು ನಾನು ಸಾಕುತ್ತೇನೆ. ಹನ್ನೊಂದು ವರ್ಷದಿಂದ ನಡೆದಿರುವುದು ಹೀಗೆ.

ಬೆಳಗಿನ ಜಾವ ಚಿತ್ರದುರ್ಗದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಸೊಸೆ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ದೃಶ್ಯ ಹೋಗಿದ್ದಕ್ಕಲ್ಲ ಅಕ್ಕ. ಅವರು ಏನ್ ಕೇಳಿದ್ರೂ ಆಯ್ತು ಅಂತೀರಿ, ನಮ್ಮನ್ನ ಮಾತ್ರ ಕೇಳೋದೇ ಇಲ್ಲ." ದುಡ್ಡಿಗಿಂತ ಇದೇ ಹೆಚ್ಚು ಚುಚ್ಚಿದ್ದು, ಈಗಲೂ ಚುಚ್ಚುತ್ತದೆ.

ಈಗ ಫೋನಿನಲ್ಲಿ ಮಾತಾದ ದಿನವೇ ಒಂದು ಪುಟ ಕಳಿಸುತ್ತೇನೆ. ಮುಂಗಡ ಅರ್ಧ, ಉಳಿದದ್ದು ಮೂರನೇ ಬೆಲ್‌ಗೆ ಮೊದಲು. ಫ್ಲೆಕ್ಸ್ ಹೊರಗೆ. ಊಟದ ಹೊತ್ತು ಎಷ್ಟು, ಎಲ್ಲಿ. ಭಾಷಣ, ಸನ್ಮಾನ ಎಲ್ಲ ನಾಟಕದ ನಂತರ. ಹಾಳೆ ನೋಡಿ ಇಬ್ಬರು ಸಂಘಟಕರು ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ. ಲೈಟ್‌ನವರಿಗೆ ಒಂದು ವಾಕಿಟಾಕಿ ಜೋಡಿಯೂ ಬಂದಿದೆ, ಅದರ ಬ್ಯಾಟರಿ ಯಾವಾಗಲೂ ಸತ್ತಿರುತ್ತದೆ.

ಹೋದ ತಿಂಗಳು ಅದೇ ಕಾರ್ಯದರ್ಶಿಗಳ ಫೋನ್. ಈ ಸಲದ ವಾರ್ಷಿಕೋತ್ಸವಕ್ಕೂ ನಾವೇ ಬರಬೇಕಂತೆ. ಹಳೇ 15,000ದ ಸುದ್ದಿ ತೆಗೆದೆ. "ಕೊಡೂಣಂತ ಬಿಡ್ರಿ" ಅಂದರು. ಹಾಳೆ ಕಳಿಸಿದೆ. ಅರ್ಧ ಗಂಟೆಗೆ ವಾಪಸ್ ಫೋನ್ ಬಂತು, ಗಾಬರಿಯ ದನಿ:

"ಎಲ್ಲಾ ಒಪ್ಪಿದ್ವಿರಿ ಮೇಡಮ್ರ. ಆದ್ರ ಸನ್ಮಾನ ನಾಟಕ ಆದ ಮ್ಯಾಲೆ ಅಂದ್ರ ಹೆಂಗ್ರಿ? ಮಂದಿ ಎದ್ದ ಹೋಗಿಬಿಡ್ತಾರಲ್ರಿ!"