ಎದುರಿನವರ ಸಹಿ ಹುಡುಕಲು ಹೋಗಿ

ನಾನು ವಕೀಲಿಕೆ ಶುರು ಮಾಡಿ ಎಂಟು ತಿಂಗಳಾಗಿತ್ತು. ಹಣ ವಸೂಲಿ ದಾವೆಯೊಂದರಲ್ಲಿ ನಮ್ಮ ಕಕ್ಷಿದಾರರಾದ ಅಣ್ಣತಮ್ಮಂದಿರು ಸೋತಿದ್ದರು. ಹೈಕೋರ್ಟಿಗೆ ಅಪೀಲು ಹಾಕಬೇಕು, ಕರಡು ಬರೆಯುವ ಕೆಲಸ ನನ್ನದು.

ಫೈಲ್ ತಿರುವಿ ಹಾಕುತ್ತಿದ್ದಾಗ ಒಂದು ಕಡೆ ಕಣ್ಣು ನಿಂತಿತು. ಎದುರಿನವರ ದಾವೆಯ ಕೊನೇ ಪುಟದಲ್ಲಿ ವೆರಿಫಿಕೇಶನ್ (ಬರೆದದ್ದು ನಿಜ ಅನ್ನುವ ದೃಢೀಕರಣ) ಕೆಳಗೆ ಸಹಿಯೇ ಇಲ್ಲ! ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 6, ರೂಲ್ 15ರ ಪ್ರಕಾರ ಅಲ್ಲಿ ಸಹಿ, ತಾರೀಖು, ಸ್ಥಳ ಎಲ್ಲ ಇರಬೇಕು. ಅವರ ಪರ ಆಗಿದ್ದ ಡಿಕ್ರಿ (ಕೋರ್ಟಿನ ತೀರ್ಮಾನ) ಬಿದ್ದೇ ಹೋಯಿತು ಅಂದುಕೊಂಡೆ. ಅದನ್ನೇ ಅಪೀಲಿನ ಮೊದಲ ಗ್ರೌಂಡ್ (ಆಧಾರ) ಮಾಡಿ ಒಂದೂವರೆ ಪುಟ ಬರೆದೆ.

ಸೀನಿಯರ್ ಓದಿ, "ಸೆಕ್ಷನ್ 99 ನೋಡಿದ್ದೀಯೇನಪ್ಪಾ?" ಅಂದರು.

ನೋಡಿರಲಿಲ್ಲ. ಕೇಸಿನ ಹುರುಳಿಗಾಗಲಿ, ಕೋರ್ಟಿನ ಅಧಿಕಾರಕ್ಕಾಗಲಿ ಧಕ್ಕೆ ತರದ ತಪ್ಪಿಗೋಸ್ಕರ ಅಪೀಲಿನಲ್ಲಿ ಡಿಕ್ರಿ ರದ್ದು ಮಾಡುವಂತಿಲ್ಲ ಅನ್ನುತ್ತದೆ ಅದು. ದಾವೆ ಹಾಕಿದವರು ಕಟಕಟೆ ಹತ್ತಿ, ಪ್ರಮಾಣ ಮಾಡಿ, ಅದೇ ಸಂಗತಿ ಹೇಳಿದ್ದರು. ನಾವೇ ಪಾಟಿ ಸವಾಲು ಮಾಡಿದ್ದೆವು. ದಾವೆಗೆ ನಾವು ಕೊಟ್ಟ ಉತ್ತರವಾದ ರಿಟನ್ ಸ್ಟೇಟ್‌ಮೆಂಟ್‌ನಲ್ಲಿ ಸಹಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೂ ಅವರು ಕೋರ್ಟಿನ ಅನುಮತಿ ಕೇಳಿ ಸಹಿ ಹಾಕಿ ಮುಗಿಸುತ್ತಿದ್ದರು ಅಷ್ಟೇ. ಕಂಪನಿ ಪರ ಸಹಿ ಹಾಕಿದವರಿಗೆ ಅಧಿಕಾರವೇ ಇರಲಿಲ್ಲ ಅನ್ನುವ ತಕರಾರಿಗೂ 1996ರಲ್ಲೇ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದೇ ಉತ್ತರ ಕೊಟ್ಟಿದೆ: ಕಂಪನಿ ಆಮೇಲೆ ಒಪ್ಪಿಗೆ ಕೊಟ್ಟರೂ ನಡೆಯುತ್ತದೆ.

ನನ್ನ ಒಂದೂವರೆ ಪುಟಕ್ಕೆ ಸೀನಿಯರ್ ಅಡ್ಡಗೆರೆ ಎಳೆದರು. ಒಂಬತ್ತನೇ ಗ್ರೌಂಡ್‌ನಲ್ಲಿ ನಾನು ಎರಡೇ ಸಾಲಿನಲ್ಲಿ ಮುಗಿಸಿದ್ದ ವಿಷಯವನ್ನು ಮೇಲಕ್ಕೆ ತಂದರು. ಅಣ್ಣತಮ್ಮಂದಿರು ಬ್ಯಾಂಕ್ ಮೂಲಕ ಕಟ್ಟಿದ್ದ ಒಂದು ಕಂತನ್ನು ಕೆಳಗಿನ ಕೋರ್ಟು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಿಜವಾದ ಅಪೀಲು ಇದ್ದದ್ದು ಅಲ್ಲಿ.

ಫೈಲ್ ಮಾಡಿದ ಮೇಲೆ ಹೈಕೋರ್ಟ್ ಕಚೇರಿಯಿಂದ ಆಫೀಸ್ ಅಬ್ಜೆಕ್ಷನ್ (ಕೊರತೆ ತೋರಿಸುವ ಆಕ್ಷೇಪಣೆ) ಬಂತು. ಅಪೀಲುದಾರರು ಇಬ್ಬರು, ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತಿನಲ್ಲಿ ಸಹಿ ಒಂದೇ! ಬೇರೆಯವರ ಸಹಿ ಹುಡುಕಿದವನು ನಮ್ಮದನ್ನೇ ನೋಡಿರಲಿಲ್ಲ. ಸಾಲದ್ದಕ್ಕೆ ಸಹಿಯ ಕೆಳಗೆ ಹೆಸರೂ ಬರೆಸಿರಲಿಲ್ಲ. ಅದು ಅಣ್ಣನದೋ ತಮ್ಮನದೋ ನಮಗೇ ಗೊತ್ತಾಗಲಿಲ್ಲ.

ಅಪೀಲು ಹಾಕಲು ಇರುವ 90 ದಿನದ ಗಡುವು ಆಗಲೇ ದಾಟಿತ್ತು. ನನಗೆ ಕೈಕಾಲು ತಣ್ಣಗಾದವು. ಸೀನಿಯರ್ ಮಾತ್ರ ಆರಾಮಾಗಿ ಉದಯ್ ಶಂಕರ್ ತ್ರಿಯಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2005ರ ತೀರ್ಪು ಓದಲು ಕೊಟ್ಟರು. ಅಪೀಲು ಮೆಮೋದಲ್ಲೋ ವಕಾಲತ್ತಿನಲ್ಲೋ ಇಂಥ ಕೊರತೆ ಇದ್ದರೆ ಸಾಮಾನ್ಯವಾಗಿ ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು, ಅಷ್ಟಕ್ಕೇ ಅಪೀಲು ವಜಾ ಮಾಡಬಾರದು ಅಂತ ಅದರಲ್ಲಿದೆ. ಆದರೆ ಎಲ್ಲದಕ್ಕೂ ಮಾಫಿ ಇಲ್ಲ. ತೋರಿಸಿಕೊಟ್ಟ ಮೇಲೂ ಸರಿ ಮಾಡದೇ ಕೂತರೆ, ಬೇಕಂತಲೇ ಮಾಡಿದ್ದರೆ, ಅಥವಾ ಕಕ್ಷಿದಾರರಿಗೆ ಗೊತ್ತೇ ಇಲ್ಲದೆ ಅವರ ಹೆಸರಲ್ಲಿ ಅಪೀಲು ಹಾಕಿದ್ದರೆ ಕಥೆ ಬೇರೆ. ವಕೀಲರು ವಕಾಲತ್ತನ್ನು ಸುಮ್ನೆ ಒಂದು ಫಾರಂ ಅಂದುಕೊಂಡು ಹೆಸರಿನ ಜಾಗ ಖಾಲಿ ಬಿಡುತ್ತಾರೆ ಅಂತಲೂ ಕೋರ್ಟು ಬೇಸರ ಮಾಡಿಕೊಂಡಿದೆ. ಆ ಸಾಲು ಓದುವಾಗ ಮುಖ ಎತ್ತಲಾಗಲಿಲ್ಲ.

ಮರುದಿನ ಇಬ್ಬರನ್ನೂ ಆಫೀಸಿಗೆ ಕರೆಸಿದೆವು. ಹಳೇ ಸಹಿ ಅಣ್ಣನದಾಗಿತ್ತು. ತಮ್ಮ ಸಹಿ ಹಾಕಿ, "ಅವತ್ತು ನೀವು ಫೋನಲ್ಲಿ ನನ್ನ ಸಹಿ ಆಮೇಲೆ ತಗೊಳ್ತೀನಿ ಅಂದಿದ್ರಲ್ಲಾ ಸರ್" ಅಂದ. ಅಂದಿದ್ದೆ.